ಉಪಗ್ರಹದ ಕಣ್ಣಿಗೆ ಬೆಂಗಳೂರಿನ ನೆಲ

ನೆಲದ ಮೇಲೆ ನಿಂತವನಿಗೆ ತನ್ನ ಸುತ್ತಣ ನಾಲ್ಕು ಬೀದಿಗಳು ಕಾಣುವುವೇ ಹೊರತು ಊರು ಕಾಣುವುದಿಲ್ಲ. ಬೆಟ್ಟವನ್ನೇರಿದವನಿಗೆ ಊರೇನೋ ಕಂಡೀತು. ಆದರೆ ಆ ಊರು ಯಾವ ದಿಕ್ಕಿಗೆ ಎಷ್ಟು ಹಬ್ಬಿತು, ಹಬ್ಬುವಾಗ ಏನನ್ನು ನುಂಗಿತು ಎಂಬುದು ಅವನಿಗೂ ತಿಳಿಯದು. ಅದನ್ನರಿಯಬೇಕಾದರೆ ಎತ್ತರದೊಡನೆ ಕಾಲದ ಅಂತರವೂ ಬೇಕು. ಹಿಂದೆ ಒಂದೊಂದು ಗ್ರಾಮದಲ್ಲಿಯೂ ಶಾನುಭೋಗರು ಇದ್ದರು. ಯಾವ ಹೊಲಕ್ಕೆ ಯಾವ ತೂಬಿನ ನೀರು, ಯಾವ ಕುಂಟೆಯ ಕೋಡಿ ಯಾವ ಹಳ್ಳಕ್ಕೆ ಬೀಳುವುದು, ಯಾವುದು ಸಾಗುವಳಿ, ಯಾವುದು ಖರಾಬು ಎಂಬುದೆಲ್ಲವನ್ನೂ ಅವರು ದಫ್ತರ ಬಿಚ್ಚದೆಯೇ ಹೇಳಬಲ್ಲವರಾಗಿದ್ದರು. ನೂರಾರು ಗ್ರಾಮಗಳನ್ನು ತನ್ನೊಳಗೆ ಸೇರಿಸಿಕೊಂಡು ಬೆಳೆದ ಮಹಾನಗರಕ್ಕೆ ಅಂಥ ಶಾನುಭೋಗರೊಬ್ಬರು ಎಲ್ಲಿಂದ ದೊರೆತಾರು? ಆ ಕೆಲಸದ ಒಂದು ಭಾಗವನ್ನು ಕಳೆದ ಐವತ್ತು ವರ್ಷಗಳಿಗೂ ಮೇಲ್ಪಟ್ಟು ಅಂತರಿಕ್ಷದಲ್ಲಿ ಸುತ್ತುತ್ತಿರುವ ಕೃತಕ ಉಪಗ್ರಹಗಳು ನಡೆಸಿಕೊಂಡು ಬರುತ್ತಿರುವುವು. ಅವು ಕಳುಹಿಸುವ ಚಿತ್ರಗಳಿಂದ ನಗರದ ನೆಲದ ಸಮಾಚಾರವನ್ನು ಹೇಗೆ ತಿಳಿಯುವರು, ಆ ತಿಳಿವಳಿಕೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು, ಮನೆಕಟ್ಟಿ ಸಂಸಾರ ಮಾಡತಕ್ಕ ಗೃಹಸ್ಥನಿಗೆ ಇದರಿಂದ ಆಗುವ ಪ್ರಯೋಜನವೇನು ಎಂಬೀ ಮೂರು ವಿಷಯಗಳನ್ನು ಬೆಂಗಳೂರು ನಗರವನ್ನೇ ಉದಾಹರಣೆಯಾಗಿಟ್ಟುಕೊಂಡು ಯಥಾಮತಿ ನಿರೂಪಿಸುವುದು ಈ ಲೇಖನದ ಉದ್ದೇಶವಾಗಿದೆ.

ಹೊದಿಕೆ ಮತ್ತು ಬಳಕೆ

ಮೊದಲು ಎರಡು ಮಾತುಗಳ ಭೇದವನ್ನು ತಿಳಿದುಕೊಳ್ಳಬೇಕು. ನೆಲದ ಹೊದಿಕೆ ಬೇರೆ, ನೆಲದ ಬಳಕೆ ಬೇರೆ. ಹುಲ್ಲು, ಮರ, ನೀರು, ಬಂಡೆ, ತಾರಸಿ, ಹಂಚು—ಇವು ಹೊದಿಕೆಗಳು, ಕಣ್ಣಿಗೆ ಕಾಣುವುವು. ವಾಸ, ವ್ಯಾಪಾರ, ವ್ಯವಸಾಯ, ವಿದ್ಯಾಭ್ಯಾಸ, ಕೈಗಾರಿಕೆ—ಇವು ಬಳಕೆಗಳು. ಮನುಷ್ಯನ ಉದ್ದೇಶಕ್ಕೆ ಸಂಬಂಧಪಟ್ಟವು. ಒಂದು ತಾರಸಿಯ ಕೆಳಗೆ ಪಾಠಶಾಲೆಯಿರಬಹುದು, ಛತ್ರವಿರಬಹುದು, ಹತ್ತಿ ಗಿರಣಿಯೂ ಇರಬಹುದು. ಉಪಗ್ರಹಕ್ಕೆ ಕಾಣುವುದು ತಾರಸಿಯೊಂದೇ. ಆದುದರಿಂದ ಹೊದಿಕೆಯು ಪ್ರತ್ಯಕ್ಷಕ್ಕೂ ಬಳಕೆಯು ಅನುಮಾನಕ್ಕೂ ವಿಷಯವೆಂದು ನಮ್ಮ ತರ್ಕಶಾಸ್ತ್ರದ ಪರಿಭಾಷೆಯಲ್ಲಿ ಹೇಳಬಹುದು. ಈ ಶಾಸ್ತ್ರದಲ್ಲಿ ನಡೆಯುವ ಬಹುಪಾಲು ಪ್ರಮಾದಗಳು ಇವೆರಡನ್ನು ಒಂದೇ ಎಂದು ಭಾವಿಸುವುದರಿಂದ ಹುಟ್ಟುವುವು. ಅಮೆರಿಕಾ ದೇಶದ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯವರು ೧೯೭೬ನೆಯ ಇಸವಿಯಲ್ಲಿ ಪ್ರಕಟಿಸಿದ ವರ್ಗೀಕರಣ ಪದ್ಧತಿಯು ಹೊದಿಕೆ, ಬಳಕೆ ಎರಡನ್ನೂ ಹೆಸರಿಸಿ, ನೆಲವನ್ನು ಕಟ್ಟಡದ ನೆಲ, ಸಾಗುವಳಿಯ ನೆಲ, ಅರಣ್ಯ, ಜಲ, ಬಂಜರು ಮುಂತಾಗಿ ಒಂಬತ್ತು ಮುಖ್ಯ ವರ್ಗಗಳನ್ನಾಗಿ ವಿಂಗಡಿಸಿತು. ಅನೇಕ ದೇಶಗಳವರು ತಮ್ಮ ತಮ್ಮ ಅವಶ್ಯಕತೆಗೆ ತಕ್ಕಂತೆ ಅದನ್ನು ಅನುಸರಿಸಿರುವರು.

ಪೂರ್ವವೃತ್ತಾಂತ

ಎತ್ತರದಿಂದ ಊರನ್ನು ಚಿತ್ರಿಸಿಕೊಳ್ಳಬೇಕೆಂಬ ಆಸೆ ಛಾಯಾಚಿತ್ರ ಕಲೆಯಷ್ಟೇ ಹಳೆಯದೆನ್ನಲಡ್ಡಿಯಿಲ್ಲ. ೧೮೫೮ರಲ್ಲಿ ನಾದಾರ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಫ್ರೆಂಚ್ ಛಾಯಾಚಿತ್ರಕಾರನು ಬೆಲೂನಿನಲ್ಲಿ ಕುಳಿತು ಪ್ಯಾರಿಸ್ ನಗರದ ಬಳಿ ಭೂಮಿಯ ಚಿತ್ರವನ್ನು ತೆಗೆದನು. ಅದು ಈಗ ಉಳಿದಿಲ್ಲ. ೧೮೬೦ರಲ್ಲಿ ಬಾಸ್ಟನ್ ನಗರವನ್ನು ಹಾಗೆಯೇ ಬೆಲೂನಿನಿಂದ ತೆಗೆದ ಚಿತ್ರವು ಇಂದಿಗೂ ಉಳಿದುಬಂದಿರುವುವುಗಳಲ್ಲಿ ಅತ್ಯಂತ ಹಳೆಯದು. ಅನಂತರ ವಿಮಾನಗಳು ಬಂದವು. ವಿಮಾನದಿಂದ ತೆಗೆದ ಚಿತ್ರಗಳು ಸ್ಫುಟವಾದುವು. ಆದರೆ ಒಂದೇ ಊರನ್ನು ವರ್ಷ ವರ್ಷವೂ ಚಿತ್ರಿಸುವುದು ಬಹು ವೆಚ್ಚದ ಕೆಲಸ. ೧೯೭೨ನೆಯ ಇಸವಿ ಜುಲೈ ತಿಂಗಳ ೨೩ರಂದು ಅಮೆರಿಕಾ ದೇಶದವರು ಲ್ಯಾಂಡ್‌ಸ್ಯಾಟ್ ಎಂಬ ಉಪಗ್ರಹಮಾಲೆಯ ಮೊದಲನೆಯದನ್ನು ಮೇಲಕ್ಕೆ ಹಾರಿಸಿದಾಗ ಈ ತೊಂದರೆ ನೀಗಿತು. ಅಂದಿನಿಂದ ಇಂದಿನವರೆಗೆ ಆ ಮಾಲೆ ಕಡಿದುಹೋಗಿಲ್ಲ. ೧೯೮೪ರಲ್ಲಿ ಹಾರಿದ ಐದನೆಯ ಲ್ಯಾಂಡ್‌ಸ್ಯಾಟ್ ೨೦೧೩ರವರೆಗೂ ದುಡಿಯಿತು; ಒಂಬತ್ತನೆಯದು ೨೦೨೧ರಲ್ಲಿ ಹಾರಿತು. ಹೀಗೆ ಅರ್ಧ ಶತಮಾನದ ದಿನಚರಿಯೊಂದು ಭೂಮಿಗೆ ದೊರೆತಂತಾಯಿತು. ೨೦೦೮ರಿಂದ ಈಚೆಗೆ ಆ ಭಂಡಾರದ ಚಿತ್ರಗಳೆಲ್ಲವೂ ಜಗತ್ತಿನ ಯಾರಿಗಾದರೂ ವೆಚ್ಚವಿಲ್ಲದೆ ದೊರೆಯುತ್ತಿರುವುವು.

ನಮ್ಮ ದೇಶದ ವೃತ್ತಾಂತವೂ ತಿಳಿಯತಕ್ಕದ್ದಾಗಿದೆ. ೧೯೭೦ರ ಸುಮಾರಿಗೆ ಡಾಕ್ಟರ್ ಪಿ. ಆರ್. ಪಿಶಾರೋಟಿಯವರು ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಹಾರಿ, ಅವಗೆಂಪು ಕಿರಣಗಳನ್ನು ಗ್ರಹಿಸುವ ಫಿಲ್ಮಿನ ಮೇಲೆ ಚಿತ್ರಗಳನ್ನು ತೆಗೆದು, ರೋಗ ಹಿಡಿದ ಮರಗಳನ್ನು ಗುರುತಿಸುವ ಪ್ರಯೋಗವನ್ನು ನಡೆಸಿದರು. ಭಾರತದಲ್ಲಿ ದೂರಸಂವೇದನ ಶಾಸ್ತ್ರಕ್ಕೆ ಅದೇ ಅಂಕುರಾರ್ಪಣವೆಂದು ತಿಳಿದವರು ಹೇಳುವರು. ಮುಂದೆ ಉಡುಪಿಯ ಕಡೆಯ ಅದಮಾರಿನಲ್ಲಿ ಹುಟ್ಟಿದ ಶ್ರೀ ಯು. ಆರ್. ರಾವ್ ಅವರ ನೇತೃತ್ವದಲ್ಲಿ ನಮ್ಮ ಮೊದಲ ಉಪಗ್ರಹವಾದ ‘ಆರ್ಯಭಟ’ವು ಬೆಂಗಳೂರಿನ ಪೀಣ್ಯದಲ್ಲಿಯೇ ನಿರ್ಮಿತವಾಗಿ ೧೯೭೫ರ ಏಪ್ರಿಲ್ ೧೯ರಂದು ಅಂತರಿಕ್ಷವನ್ನು ಸೇರಿತು. ಭೂಮಿಯನ್ನು ನೋಡುವುದು ಅದರ ಕೆಲಸವಾಗಿರಲಿಲ್ಲ. ಆ ಕೆಲಸಕ್ಕೆ ತೊಡಗಿದುದು ೧೯೭೯ರ ‘ಭಾಸ್ಕರ’. ಒಂದು ಕಿಲೋಮೀಟರಿಗಿಂತ ಚಿಕ್ಕದಾದುದು ಅದರ ದೂರದರ್ಶನ ಕ್ಯಾಮರಾಗಳಿಗೆ ಬೇರೆಯಾಗಿ ಕಾಣುತ್ತಿರಲಿಲ್ಲ. ೧೯೮೮ರ ಮಾರ್ಚ್ ೧೭ರಂದು ಹಾರಿದ ಐ.ಆರ್.ಎಸ್. ೧-ಎ ಎಂಬುದರಿಂದ ನಮ್ಮ ಸ್ವಂತ ಭೂಚಿತ್ರ ಪರಂಪರೆ ನಿಜವಾಗಿ ನಡೆಯತೊಡಗಿತು. ೧೯೯೫ರ ಐ.ಆರ್.ಎಸ್. ೧-ಸಿ, ೨೦೦೫ರ ಕಾರ್ಟೋಸ್ಯಾಟ್-೧, ೨೦೧೯ರ ಕಾರ್ಟೋಸ್ಯಾಟ್-೩ ಇವು ಆ ಪರಂಪರೆಯ ಮುಖ್ಯ ಮೆಟ್ಟಲುಗಳು. ಇವುಗಳ ಚಿತ್ರಗಳನ್ನು ಸ್ವೀಕರಿಸಿ ಹಂಚುವ ರಾಷ್ಟ್ರೀಯ ದೂರಸಂವೇದನ ಕೇಂದ್ರವು ಹೈದರಾಬಾದಿನಲ್ಲಿದೆ.

ಚಿತ್ರವು ಆಗುವ ಬಗೆ

ಉಪಗ್ರಹದ ಚಿತ್ರವು ಚಿತ್ರಕಾರನು ಕುಂಚದಿಂದ ಬರೆದಂತೆ ಅಖಂಡವಾದುದಲ್ಲ. ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿ ಚುಕ್ಕಿಗಳನ್ನಿಟ್ಟು ರಂಗವಲ್ಲಿ ಬರೆಯುವರಷ್ಟೆ. ಹಾಗೆ ಸಾಲುಸಾಲಾಗಿ ಜೋಡಿಸಿದ ಸಣ್ಣ ಸಣ್ಣ ಚೌಕಗಳ ಸಮೂಹವೇ ಈ ಚಿತ್ರ. ಒಂದೊಂದು ಚೌಕಕ್ಕೂ ಪಿಕ್ಸೆಲ್ ಎಂದು ಹೆಸರು. ಒಂದು ಚೌಕದೊಳಗೆ ಎಷ್ಟೇ ವಸ್ತುಗಳಿದ್ದರೂ ಉಪಗ್ರಹವು ಆ ಎಲ್ಲದರ ಬೆಳಕನ್ನೂ ಕೂಡಿಸಿ ಒಂದೇ ಅಂಕಿಯಾಗಿ ಬರೆದುಕೊಳ್ಳುವುದು. ಆದುದರಿಂದ ಚೌಕವು ಎಷ್ಟು ದೊಡ್ಡದೆಂಬುದೇ ಮುಖ್ಯವಾದ ಪ್ರಶ್ನೆ.

ಇದನ್ನು ಬೆಂಗಳೂರಿನ ಗೃಹಸ್ಥರಿಗೆಲ್ಲ ಪರಿಚಿತವಾದ ಮೂವತ್ತು-ನಲವತ್ತು ಅಡಿಯ ನಿವೇಶನದ ಅಳತೆಯಿಂದ ನೋಡೋಣ. ಮೊದಲ ಲ್ಯಾಂಡ್‌ಸ್ಯಾಟಿನ ಚೌಕದ ಒಂದು ಪಕ್ಕ ಸುಮಾರು ೮೦ ಮೀಟರು. ಅಂಥ ಒಂದು ಚೌಕದಲ್ಲಿ ಐವತ್ತೇಳು ನಿವೇಶನಗಳು ಅಡಗುವುವು. ಮುಂದಣ ಲ್ಯಾಂಡ್‌ಸ್ಯಾಟ್‌ಗಳ ಚೌಕ ೩೦ ಮೀಟರಿನದು. ಅದರಲ್ಲಿ ಎಂಟು ನಿವೇಶನಗಳು ಹಿಡಿಸುವುವು. ಐ.ಆರ್.ಎಸ್. ೧-ಸಿ ಉಪಗ್ರಹದ ಕಪ್ಪು-ಬಿಳುಪು ಕ್ಯಾಮರಾದ ಚೌಕ ೫.೮ ಮೀಟರಿಗಿಳಿದಾಗ ಲೆಕ್ಕ ತಿರುವುಮುರುವಾಗಿ, ಒಂದು ನಿವೇಶನವೇ ಮೂರು ಚೌಕಗಳಿಗಿಂತ ತುಸು ಹೆಚ್ಚು ಜಾಗವನ್ನು ಆಕ್ರಮಿಸಿತು. ಕಾರ್ಟೋಸ್ಯಾಟ್-೧ರ ೨.೫ ಮೀಟರಿನ ಚೌಕದಲ್ಲಿ ಅದೇ ನಿವೇಶನ ಸುಮಾರು ಹದಿನೆಂಟು ಚೌಕಗಳಾಯಿತು. ಕಾರ್ಟೋಸ್ಯಾಟ್-೩ರ ಚೌಕವೋ ಸುಮಾರು ೨೫ ಸೆಂಟಿಮೀಟರು, ಎಂದರೆ ಒಂದು ಗೇಣಿಗಿಂತ ಸ್ವಲ್ಪ ದೊಡ್ಡದು. ಐವತ್ತು ಮನೆಗಳನ್ನು ಒಂದೇ ಚುಕ್ಕೆಯಾಗಿ ಕಂಡ ಕಣ್ಣು ಈಗ ಮನೆಯ ಮೇಲಿನ ನೀರಿನ ತೊಟ್ಟಿಯನ್ನೂ ಕಾಣಬಲ್ಲುದಾಗಿದೆ.

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಇಷ್ಟು ಸೂಕ್ಷ್ಮವಾದ ಚಿತ್ರಗಳಿರುವಾಗ ಹಳೆಯ ಸ್ಥೂಲವಾದ ಚಿತ್ರಗಳಿಂದ ಪ್ರಯೋಜನವೇನು? ಸಮಾಧಾನವೇನೆಂದರೆ, ಸೂಕ್ಷ್ಮವಾದ ಚಿತ್ರ ಎಷ್ಟೇ ಇದ್ದರೂ ಅದು ಇಂದಿನದು. ೧೯೭೩ರಲ್ಲಿ ಊರು ಹೇಗಿತ್ತೆಂಬುದಕ್ಕೆ ೧೯೭೩ರ ಸ್ಥೂಲಚಿತ್ರವೇ ಸಾಕ್ಷಿ. ಅಜ್ಜನ ಕಾಲದ ಮಾಸಿದ ಪಟವನ್ನು ಮೊಮ್ಮಗನ ಹೊಸ ಪಟ ತುಂಬಿಕೊಡಲಾರದು.

ಚೌಕದಲ್ಲಿ ಬರೆದುಕೊಳ್ಳುವ ಅಂಕಿಯು ಯಾವುದರದೆಂಬುದನ್ನು ಇನ್ನು ನೋಡೋಣ. ಸೂರ್ಯನ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕಾಣುವ ಬಣ್ಣಗಳಲ್ಲದೆ ಕಾಣದ ಕಿರಣಗಳೂ ಉಂಟು. ಕೆಂಪಿನ ಆಚೆಗಿರುವ ಅವಗೆಂಪು ಕಿರಣವನ್ನು ವಿಲಿಯಂ ಹರ್ಷೆಲ್ ಎಂಬ ಖಗೋಳಶಾಸ್ತ್ರಜ್ಞನು ೧೮೦೦ರಲ್ಲಿ ಕಂಡುಹಿಡಿದನು. ಹಸಿರೆಲೆಯು ತನ್ನ ಆಹಾರ ತಯಾರಿಕೆಗಾಗಿ ಕೆಂಪು ಬೆಳಕನ್ನು ಹೀರಿಕೊಳ್ಳುವುದು; ಅವಗೆಂಪು ಬೆಳಕನ್ನು ಬೇಡವೆಂದು ಹಿಂದಕ್ಕೆಸೆಯುವುದು. ನೀರು ಅವಗೆಂಪನ್ನು ಬಹುಮಟ್ಟಿಗೆ ನುಂಗಿಬಿಡುವುದು. ಕಾಂಕ್ರೀಟು, ಒಣಮಣ್ಣು ಮೊದಲಾದುವು ಎರಡನ್ನೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಂದಿರುಗಿಸುವುವು. ಅವಗೆಂಪಿನ ಅಂಕಿಯಿಂದ ಕೆಂಪಿನ ಅಂಕಿಯನ್ನು ಕಳೆದು, ಬಂದುದನ್ನು ಎರಡರ ಮೊತ್ತದಿಂದ ಭಾಗಿಸಿದರೆ, ಒಂದು ಚೌಕದಲ್ಲಿ ಹಸಿರು ಎಷ್ಟು ಸಮೃದ್ಧವಾಗಿದೆಯೆಂಬ ಸೂಚ್ಯಂಕ ದೊರೆಯುವುದು. ಪ್ರಾಥಮಿಕ ಶಾಲೆಯ ಹುಡುಗನೂ ಮಾಡಬಹುದಾದ ಲೆಕ್ಕವಿದು. ಕಾಣದ ಅವಗೆಂಪನ್ನು ಕಾಗದದ ಮೇಲೆ ತೋರಿಸಲು ಅದಕ್ಕೆ ಕೆಂಪು ಬಣ್ಣವನ್ನು ಕೊಡುವುದು ರೂಢಿ. ಆದುದರಿಂದ ಇಂಥ ಚಿತ್ರಗಳಲ್ಲಿ ತೋಟಗಳು ಕುಂಕುಮದಂತೆಯೂ ಕೆರೆಗಳು ಕಾಡಿಗೆಯಂತೆಯೂ ಕಟ್ಟಡಗಳು ನೀಲಿಗೂಡಿದ ಬೂದಿಯಂತೆಯೂ ತೋರುವುವು.

ಲ್ಯಾಂಡ್‌ಸ್ಯಾಟ್ ಎಂಟು, ಒಂಬತ್ತನೆಯವು ೭೦೫ ಕಿಲೋಮೀಟರು ಎತ್ತರದಲ್ಲಿ ಒಂದು ಸುತ್ತಿಗೆ ೯೯ ನಿಮಿಷಗಳಂತೆ ಸುತ್ತುತ್ತ, ಹದಿನಾರು ದಿನಗಳಿಗೊಮ್ಮೆ ಒಂದೇ ಸ್ಥಳದ ಮೇಲೆ ಬರುವುವು. ಬರುವಾಗಲೆಲ್ಲ ಆ ಸ್ಥಳದಲ್ಲಿ ಬೆಳಗಿನ ಹತ್ತು ಗಂಟೆಯ ಸುಮಾರಾಗಿರುವಂತೆ ಅವುಗಳ ಪಥವನ್ನು ಏರ್ಪಡಿಸಿರುವರು. ಬಿಸಿಲಿನ ಓಟ ಒಂದೇ ತೆರನಾಗಿರುವುದರಿಂದ ಒಂದು ವರ್ಷದ ಚಿತ್ರವನ್ನು ಇನ್ನೊಂದು ವರ್ಷದ ಅದೇ ಋತುವಿನ ಚಿತ್ರದೊಡನೆ ಹೋಲಿಸಲು ಅನುಕೂಲವಾಗುವುದು.

ಕಾಳು ಬೇರ್ಪಡಿಸುವ ಕೆಲಸ

ಲಕ್ಷಾಂತರ ಚೌಕಗಳನ್ನು ಒಂದೊಂದಾಗಿ ನೋಡಿ ‘ಇದು ನೀರು, ಇದು ಮನೆ’ ಎಂದು ಬರೆಯುತ್ತ ಕೂರಲು ಯಾರಿಗೂ ಆಯುಷ್ಯ ಸಾಲದು. ಅದಕ್ಕಾಗಿ ಕಂಪ್ಯೂಟರಿಗೆ ಪಾಠ ಹೇಳುವರು. ಕಲಬೆರಕೆಯಾದ ಕಾಳುಗಳನ್ನು ಮೊರದಲ್ಲಿಟ್ಟು ಮಗುವಿಗೆ ‘ನೋಡು, ಇದು ಅವರೆ, ಇದು ತೊಗರಿ, ಇದು ಕಲ್ಲು’ ಎಂದು ತಾಯಿ ಒಂದೊಂದು ಹಿಡಿ ತೋರಿಸಿಕೊಟ್ಟು, ಮಿಕ್ಕುದನ್ನು ಬೇರ್ಪಡಿಸಲು ಹೇಳುವಳಲ್ಲವೆ? ಅದೇ ರೀತಿ ಶೋಧಕರು ನಿಶ್ಚಯವಾಗಿ ತಿಳಿದಿರುವ ಕೆಲವು ಸ್ಥಳಗಳನ್ನು ಆರಿಸಿ, ‘ಈ ಚೌಕಗಳು ಕೆರೆ, ಈ ಚೌಕಗಳು ತೋಪು, ಇವು ಮನೆಗಳ ಸಾಲು’ ಎಂದು ಮಾದರಿಗಳನ್ನು ಕೊಡುವರು. ಗಣಕವು ಒಂದೊಂದು ವರ್ಗದ ಅಂಕಿಗಳ ಸರಾಸರಿಯನ್ನೂ ಹರಹನ್ನೂ ಲೆಕ್ಕಹಾಕಿ, ಉಳಿದ ಪ್ರತಿಯೊಂದು ಚೌಕವೂ ಯಾವ ವರ್ಗಕ್ಕೆ ಸೇರುವ ಸಂಭವ ಅಧಿಕವೋ ಆ ವರ್ಗಕ್ಕೆ ಸೇರಿಸುವುದು. ಕೆಲಸ ಮುಗಿದ ಮೇಲೆ ಪರೀಕ್ಷೆಯೂ ಉಂಟು. ಮಾದರಿಯಲ್ಲಿ ಕೊಡದಿದ್ದ ಸ್ಥಳಗಳಲ್ಲಿ ಕೆಲವನ್ನು ಆರಿಸಿ, ಅಲ್ಲಿಗೆ ಖುದ್ದಾಗಿ ಹೋಗಿ ನೋಡಿ, ಗಣಕದ ಉತ್ತರ ನೂರಕ್ಕೆ ಎಷ್ಟು ಸರಿಯಾಯಿತೆಂದು ಗುಣಗಳನ್ನು ಹಾಕುವರು. ಈ ಗುಣಪಟ್ಟಿಯಿಲ್ಲದೆ ಪ್ರಕಟವಾದ ಭೂಬಳಕೆಯ ನಕ್ಷೆಯನ್ನು ತಿದ್ದದ ಉತ್ತರಪತ್ರಿಕೆಯಂತೆ ಭಾವಿಸತಕ್ಕದ್ದು.

ಬೆಂಗಳೂರಿನ ಲೆಕ್ಕ

ಬೆಂಗಳೂರು ಸಮುದ್ರಮಟ್ಟದಿಂದ ೯೦೦ ಮೀಟರಿಗೂ ಮೇಲ್ಪಟ್ಟ ಒಂದು ದಿಣ್ಣೆಯ ಮೇಲಿರುವ ಊರು. ಇಲ್ಲಿ ಮಹಾನದಿಯಿಲ್ಲ. ಬಿದ್ದ ಮಳೆಯು ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಎಂಬ ಮೂರು ಕಣಿವೆಗಳ ಕಡೆಗೆ ಹರಿದುಹೋಗುವುದು. ಆ ನೀರನ್ನು ಅಲ್ಲಲ್ಲಿ ತಡೆದು ನಿಲ್ಲಿಸಲು ಹಿರಿಯರು ಕೆರೆಗಳ ಸರಪಣಿಯನ್ನೇ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಯನ್ನು ಸೇರುವುದು. ಬೆಳ್ಳಂದೂರಿನ ನೀರು ವರ್ತೂರಿಗೂ ವರ್ತೂರಿನದು ದಕ್ಷಿಣ ಪಿನಾಕಿನಿಗೂ ಹೋಗುವುದು ಹೀಗೆಯೇ. ಕೆಂಪೇಗೌಡರು ೧೫೩೭ರಲ್ಲಿ ಕೋಟೆ ಕಟ್ಟಿದ ಈ ಊರು ಬೆಳೆದುದು ಇಂಥ ಕೆರೆಗಳ ನಡುವೆ.

ಭಾರತೀಯ ವಿಜ್ಞಾನ ಮಂದಿರದ ಡಾಕ್ಟರ್ ಟಿ. ವಿ. ರಾಮಚಂದ್ರ ಅವರೂ ಅವರ ಸಹೋದ್ಯೋಗಿಗಳೂ ೧೯೭೩ರಿಂದ ೨೦೧೦ರವರೆಗಿನ ಉಪಗ್ರಹಚಿತ್ರಗಳನ್ನು ಮೇಲೆ ಹೇಳಿದ ಕ್ರಮದಲ್ಲಿ ವಿಂಗಡಿಸಿ, ಬೃಹತ್ ಬೆಂಗಳೂರಿನ ಸುಮಾರು ೬೮ ಸಾವಿರ ಹೆಕ್ಟೇರು ನೆಲದ ಲೆಕ್ಕವನ್ನು ಪ್ರಕಟಿಸಿರುವರು. ೧೯೭೩ರಲ್ಲಿ ಕಟ್ಟಡದ ನೆಲ ೫,೪೪೮ ಹೆಕ್ಟೇರು. ೨೦೧೦ರಲ್ಲಿ ೩೭,೨೬೬ ಹೆಕ್ಟೇರು. ಗಿಡಮರ ಪೈರುಗಳ ಹಸಿರು ೪೬,೬೩೯ ಹೆಕ್ಟೇರಿನಿಂದ ೧೬,೦೩೧ಕ್ಕೆ ಇಳಿಯಿತು. ನೀರಿನ ಹರಹು ೨,೩೨೪ ಹೆಕ್ಟೇರಿನಿಂದ ೬೧೭ಕ್ಕೆ ಕುಗ್ಗಿತು. ಶೇಕಡಾ ಲೆಕ್ಕದಲ್ಲಿ ಕಟ್ಟಡದ ನೆಲ ೫೮೪ರಷ್ಟು ಹೆಚ್ಚಿತು, ಹಸಿರು ೬೬ರಷ್ಟು ಕಳೆಯಿತು, ನೀರು ೭೪ರಷ್ಟು ಕಳೆಯಿತು.

ಈ ಅಂಕಿಗಳನ್ನು ಪತ್ರಿಕೆಗಳಲ್ಲಿ ಓದಿ ಬೆಚ್ಚಿದವರು ಬಹುಮಂದಿ. ಬಿಡಿಸಿ ನೋಡಿದವರು ಕಡಿಮೆ. ಶೇಕಡಾ ೫೮೪ರಷ್ಟು ಹೆಚ್ಚಿತೆಂದರೆ ಒಂದಿದ್ದುದು ಸುಮಾರು ಏಳಾಯಿತೆಂದು ಅರ್ಥ. ಅದೇ ಅವಧಿಗೆ ಸಮೀಪವಾದ ಜನಗಣತಿಗಳನ್ನು ನೋಡಿದರೆ, ಬೆಂಗಳೂರಿನ ಜನಸಂಖ್ಯೆ ೧೯೭೧ರಲ್ಲಿ ೧೬ ಲಕ್ಷಕ್ಕೆ ಮೇಲ್ಪಟ್ಟು, ೨೦೧೧ರಲ್ಲಿ ಸುಮಾರು ೮೫ ಲಕ್ಷ. ಎಂದರೆ ಐದು ಪಾಲಾಯಿತು. ಜನರು ಐದು ಪಾಲಾಗುವಷ್ಟರಲ್ಲಿ ಕಟ್ಟಡದ ನೆಲ ಏಳು ಪಾಲಿನ ಹತ್ತಿರಕ್ಕೆ ಬಂದಿತು. ರಸ್ತೆ, ಕಾರ್ಖಾನೆ, ಕಚೇರಿಗಳೂ ಆ ಕಟ್ಟಡದ ನೆಲದಲ್ಲಿ ಸೇರಿರುವುವು. ಆದುದರಿಂದ ‘ಜನ ಹೆಚ್ಚಿದರು, ಅದಕ್ಕೇ ಊರು ಹಬ್ಬಿತು’ ಎಂಬ ವಾಡಿಕೆಯ ಮಾತು ಅರ್ಧಸತ್ಯ. ತಲೆಯೊಂದಕ್ಕೆ ನಾವು ಉಪಯೋಗಿಸುವ ನೆಲವೂ ಹೆಚ್ಚಿತೆಂಬುದು ಉಳಿದರ್ಧ. ನೀರಿನ ಪಾಲಿನಲ್ಲಿ ಕಳೆದ ಸುಮಾರು ೧,೭೦೦ ಹೆಕ್ಟೇರು, ನಮ್ಮ ಹಳೆಯ ಅಳತೆಯಲ್ಲಿ ೪,೨೦೦ ಎಕರೆ. ಒಳ್ಳೆಯ ಅಚ್ಚುಕಟ್ಟಿನ ಹಲವು ಗ್ರಾಮಗಳಿಗೆ ಸಾಲುವಷ್ಟು ನೆಲವದು.

ಇನ್ನೊಂದು ಸಂಗತಿ. ಬಯಲು, ಕಲ್ಲುಗಣಿ, ಮಣ್ಣುದಾರಿ, ಕಟ್ಟಡಕ್ಕಾಗಿ ಅಗೆದ ಜಾಗ ಮುಂತಾದುವನ್ನು ಆ ಪಟ್ಟಿಯಲ್ಲಿ ‘ಇತರ’ ಎಂದು ಕರೆದಿರುವರು. ಅದು ೧೯೭೩ರಲ್ಲಿ ೧೩,೯೦೩ ಹೆಕ್ಟೇರು, ೨೦೧೦ರಲ್ಲಿ ೧೪,೫೬೫. ಮೊತ್ತ ಹೆಚ್ಚು ಬದಲಾಗಲಿಲ್ಲವೆಂದು ಅದೇ ನೆಲ ಹಾಗೆಯೇ ಉಳಿಯಿತೆಂದು ತಿಳಿಯಕೂಡದು. ಧರ್ಮಛತ್ರದಲ್ಲಿ ದಿನವೂ ಐವತ್ತು ಜನರಿದ್ದರೂ ಇಂದಿನ ಐವತ್ತು ನಾಳಿನ ಐವತ್ತಲ್ಲ. ತೋಟವಿದ್ದುದು ಬಯಲಾಗುವುದು, ಬಯಲಿದ್ದುದು ಬಡಾವಣೆಯಾಗುವುದು, ಮತ್ತೊಂದು ತೋಟ ಆ ಬಯಲಿನ ಸ್ಥಾನಕ್ಕೆ ಬರುವುದು. ಒಂದೊಂದು ಚೌಕದ ಚರಿತ್ರೆಯನ್ನೂ ಬೇರೆಬೇರೆಯಾಗಿ ಹಿಂಬಾಲಿಸಿದಾಗಲೇ ಈ ಸಂಚಾರ ತಿಳಿಯುವುದು. ಉಪಗ್ರಹಚಿತ್ರದ ದೊಡ್ಡ ಉಪಕಾರಗಳಲ್ಲಿ ಅದೂ ಒಂದು.

ಹೇತ್ವಾಭಾಸಗಳು

ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ಸದನುಮಾನ. ಮಂಜನ್ನು ಹೊಗೆಯೆಂದು ಭ್ರಮಿಸಿ ಬೆಂಕಿಯನ್ನು ಊಹಿಸಿದರೆ ಅದು ದುಷ್ಟವಾಗುವುದು. ಉಪಗ್ರಹಚಿತ್ರವನ್ನು ಓದುವವರಿಗೂ ಇಂಥ ಮಂಜು ಅಡಿಗಡಿಗೆ ಎದುರಾಗುವುದುಂಟು.

ಕೊಳಚೆನೀರಿನಿಂದ ಕೊಬ್ಬಿದ ಅಂತರಗಂಗೆಯ ಕಳೆ ಕೆರೆಯನ್ನು ಮುಚ್ಚಿಬಿಟ್ಟರೆ ಚಿತ್ರದಲ್ಲಿ ಅದು ನೀರಿನ ಕಪ್ಪಾಗಿ ಕಾಣದೆ ತೋಟದ ಕೆಂಪಾಗಿ ಕಾಣುವುದು. ಬೆಳ್ಳಂದೂರಿನ ಮಹಾಕೆರೆಯು ಹೀಗೆ ಅನೇಕ ವರ್ಷ ಕಳೆ ಹೊದ್ದುಕೊಂಡಿತ್ತು. ೨೦೧೫ರಲ್ಲಿಯೂ ಅನಂತರವೂ ಅದರ ನೊರೆಯ ಮೇಲೆ, ದಡದ ಕಸದ ಮೇಲೆ ಬೆಂಕಿ ಕಾಣಿಸಿಕೊಂಡಿತು. ಅಷ್ಟು ರೋಗಗ್ರಸ್ತವಾದ ಕೆರೆ ಲೆಕ್ಕದ ಪುಸ್ತಕದಲ್ಲಿ ‘ಸಮೃದ್ಧ ಹಸಿರು’ ಎಂದು ನಮೂದಾಗುವ ಸಂಭವವುಂಟು! ಹಸಿರು ಕಂಡಲ್ಲೆಲ್ಲ ಆರೋಗ್ಯವೆಂಬ ವ್ಯಾಪ್ತಿಯು ಇಲ್ಲಿ ಮುರಿದುಬೀಳುವುದರಿಂದ ಈ ಹೇತು ಅನೈಕಾಂತಿಕವಾಯಿತು. ಚಲ್ಲಘಟ್ಟದ ಕೆರೆಯ ಜಾಗದಲ್ಲಿ ಗಾಲ್ಫ್ ಆಟದ ಮೈದಾನವಿದೆ. ಅಲ್ಲಿಯೂ ಚಿತ್ರದಲ್ಲಿ ಸೊಂಪಾದ ಹಸಿರೇ ಕಾಣುವುದು. ಕೆರೆ ಹೋದ ಸುದ್ದಿಯನ್ನು ಆ ಹಸಿರು ಹೇಳುವುದಿಲ್ಲ.

ಚೈತ್ರ ವೈಶಾಖಗಳಲ್ಲಿ ಬತ್ತಿದ ಕೆರೆಯ ಅಂಗಳ ಬಯಲಿನಂತೆ ತೋರುವುದು. ಕೊಯ್ಲಾದ ರಾಗಿಯ ಹೊಲದ ಒಣಮಣ್ಣು ಕಟ್ಟಡದ ಬಣ್ಣಕ್ಕೆ ಹತ್ತಿರವಾಗಿ ತೋರುವುದು. ಹಿತ್ತಿಲಲ್ಲಿ ಎರಡು ತೆಂಗು, ಒಂದು ಮಾವು ಇರುವ ಹಳೆಯ ಮನೆಯು ಒಂದೇ ಚೌಕದೊಳಗೆ ಬಿದ್ದಾಗ ಅದು ಮನೆಯೂ ಅಲ್ಲ, ತೋಟವೂ ಅಲ್ಲವೆಂಬಂಥ ಅಂಕಿ ಬರುವುದು. ಮಳೆಗಾಲದಲ್ಲಿ ಮೋಡ ಮುಚ್ಚಿ ಏನೂ ಕಾಣದಿರುವುದೂ ಉಂಟು.

ಇವುಗಳಿಗೆ ಪರಿಹಾರವೂ ಇದೆ. ಒಂದೇ ವರ್ಷದ ಎರಡು ಋತುಗಳ ಚಿತ್ರಗಳನ್ನು ಹೋಲಿಸಿದರೆ ಬತ್ತಿದ ಕೆರೆ ಸಿಕ್ಕಿಬೀಳುವುದು, ಕೊಯ್ದ ಹೊಲವೂ ಸಿಕ್ಕಿಬೀಳುವುದು. ಕಾರ್ಟೋಸ್ಯಾಟ್-೧ರಲ್ಲಿ ನಮ್ಮ ಎರಡು ಕಣ್ಣುಗಳಂತೆ ಎರಡು ಕ್ಯಾಮರಾಗಳಿದ್ದುವು. ಮುಂದಕ್ಕೆ ಬಾಗಿದುದೊಂದು, ಹಿಂದಕ್ಕೆ ಬಾಗಿದುದೊಂದು. ಎರಡರ ಚಿತ್ರಗಳನ್ನು ಕೂಡಿಸಿದರೆ ನೆಲದ ಏರುತಗ್ಗುಗಳೇ ತಿಳಿದುಬರುವುವು. ನೀರು ಎತ್ತ ಹರಿಯಬೇಕೆಂಬುದನ್ನು ಅದರಿಂದ ನಿರ್ಣಯಿಸಬಹುದು. ಇನ್ನು ಉಪಗ್ರಹಗಳಿಗಿಂತ ಮುಂಚಿನ ಕಾಲಕ್ಕೆ, ೧೭೬೭ರಲ್ಲಿ ಸ್ಥಾಪಿತವಾದ ಭಾರತೀಯ ಸರ್ವೇಕ್ಷಣ ಇಲಾಖೆಯ ನಕ್ಷೆಗಳೂ ಕಂದಾಯ ಇಲಾಖೆಯ ಗ್ರಾಮನಕ್ಷೆಗಳೂ ಆಗಮದಂತೆ ಪ್ರಮಾಣವಾಗುವುವು. ಧರ್ಮಾಂಬುಧಿ ಕೆರೆ ಬಸ್ಸುಗಳ ನಿಲ್ದಾಣವಾದುದನ್ನೂ ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾದುದನ್ನೂ ಪೂರ್ಣವಾಗಿ ತಿಳಿಯಬೇಕಾದರೆ ಹಳೆಯ ನಕ್ಷೆಗಳನ್ನೇ ನೋಡಬೇಕು. ೧೯೯೭ರ ರಾಷ್ಟ್ರೀಯ ಕ್ರೀಡೆಗಳಿಗಾಗಿ ಕೋರಮಂಗಲದ ಕೆರೆಯ ನೆಲದಲ್ಲಿ ಎದ್ದ ವಸತಿಗಳಂಥ ಈಚಿನ ಪರಿವರ್ತನೆಗಳಿಗೆ ಉಪಗ್ರಹವೇ ಸಾಕ್ಷಿಯಾಗಬಲ್ಲುದು.

ಗೃಹಸ್ಥನಿಗೆ ಇದರಿಂದೇನು?

‘ಇದೆಲ್ಲ ಪಂಡಿತರ ವಿಷಯ, ನಮಗೇನಾಗಬೇಕು?’ ಎನ್ನುವವರಿಗೆ ೨೦೨೨ರ ಸೆಪ್ಟೆಂಬರ್ ತಿಂಗಳನ್ನು ನೆನಪಿಗೆ ತರಬೇಕಾಗಿದೆ. ಆಗ ಸುರಿದ ಮಳೆಯಲ್ಲಿ ನಗರದ ಪೂರ್ವಭಾಗದ ಬೆಳ್ಳಂದೂರು, ಮಹದೇವಪುರಗಳ ಕಡೆ ಅನೇಕ ಬಡಾವಣೆಗಳು ನೀರಿನಲ್ಲಿ ನಿಂತುವು. ಕೋಟಿ ಬೆಲೆಯ ಮನೆಗಳವರನ್ನು ಟ್ರಾಕ್ಟರುಗಳಲ್ಲಿಯೂ ದೋಣಿಗಳಲ್ಲಿಯೂ ಹೊರಕ್ಕೆ ಸಾಗಿಸಬೇಕಾಯಿತು. ಮಳೆ ಅಧಿಕವಾಗಿತ್ತೆಂಬುದು ನಿಜ. ಆದರೆ ನೀರು ಹೊಸ ದಾರಿಯನ್ನೇನೂ ಹುಡುಕಿರಲಿಲ್ಲ; ಕೆರೆಯಿಂದ ಕೆರೆಗೆ ಹೋಗುವ ತನ್ನ ತಗ್ಗಿನ ಹಳೆಯ ದಾರಿಯನ್ನೇ ಹಿಡಿದು ಬಂದಿತು. ಆ ದಾರಿ ಕಿರಿದಾಗಿ, ಕೆಲವೆಡೆ ಮುಚ್ಚಿಹೋಗಿ, ಅದರ ಮೇಲೆಯೇ ಮನೆಗಳೆದ್ದಿದ್ದುವು.

ನೀರಿನ ಭಯ ಒಂದು ಕಡೆಯಾದರೆ ನ್ಯಾಯದ ಭಯ ಇನ್ನೊಂದು ಕಡೆ. ೨೦೧೫ರ ಏಪ್ರಿಲ್ ತಿಂಗಳಲ್ಲಿ ಸಾರಕ್ಕಿ ಕೆರೆಯ ಒತ್ತುವರಿಯನ್ನು ಸರ್ಕಾರದವರು ತೆರವು ಮಾಡಿಸಿದಾಗ, ತಮ್ಮಲ್ಲಿ ಕಾಗದಪತ್ರಗಳಿವೆಯೆಂದು ಹೇಳಿಕೊಂಡವರ ಮನೆಗಳೂ ಉರುಳಿದುವು. ಜೀವಮಾನದ ಉಳಿತಾಯವನ್ನು, ಹೆಂಡತಿಯ ಒಡವೆಯನ್ನು, ಮೇಲೆ ಬ್ಯಾಂಕಿನ ಸಾಲವನ್ನು ಸುರಿದು ಕಟ್ಟಿದ ಮನೆಯ ಕೆಳಗಿನ ನೆಲ ಕೆರೆಯದೆಂದು ಆಮೇಲೆ ತಿಳಿದರೆ ಆ ಸಂಸಾರದ ಗತಿಯೇನು? ಮಾರಿದವನು ಹಣದೊಡನೆ ಹೊರಟುಹೋಗಿರುವನು. ಕೊಂಡವನು ಮನೆಯ ಮುಂದೆ ನಿಂತಿರುವನು.

ನಿವೇಶನ ಕೊಳ್ಳುವವರು ಹಿಂದೆ ಪುರೋಹಿತರನ್ನು ಕೇಳುತ್ತಿದ್ದರು, ವಕೀಲರಿಗೆ ಪತ್ರ ತೋರಿಸುತ್ತಿದ್ದರು. ಅವೆರಡನ್ನೂ ಈಗಲೂ ಮಾಡಲಿ. ಅವುಗಳೊಡನೆ ನೆಲದ ಪೂರ್ವಚರಿತ್ರೆಯನ್ನೂ ವಿಚಾರಿಸಬೇಕು. ಮೊದಲು ಆ ನೆಲದ ಸರ್ವೆ ನಂಬರನ್ನು ತಿಳಿದು, ಗ್ರಾಮನಕ್ಷೆಯ ಪ್ರತಿಯನ್ನು ಪಡೆದು, ಕೆರೆ, ಕುಂಟೆ, ಕಾಲುವೆ, ಖರಾಬು ಎಲ್ಲೆಲ್ಲಿ ಗುರುತಾಗಿದೆಯೆಂದು ನೋಡತಕ್ಕದ್ದು. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದವರ ‘ದಿಶಾಂಕ್’ ಎಂಬ ಮೊಬೈಲು ಸಾಧನವು ನಾವು ನಿಂತ ಜಾಗದ ಸರ್ವೆ ನಂಬರನ್ನು ಅಲ್ಲಿಯೇ ತೋರಿಸುವುದು. ಎರಡನೆಯದಾಗಿ, ಗೂಗಲ್ ಅರ್ತ್ ಎಂಬುದರಲ್ಲಿ ಒಂದೇ ಸ್ಥಳದ ಬೇರೆಬೇರೆ ವರ್ಷಗಳ ಚಿತ್ರಗಳನ್ನು ಹಿಂದುಹಿಂದಕ್ಕೆ ಸರಿಸಿ ನೋಡಬಹುದು. ನಮ್ಮ ದೇಶದವರೇ ೨೦೦೯ರಲ್ಲಿ ತೆರೆದ ‘ಭುವನ್’ ಎಂಬ ಚಿತ್ರಶಾಲೆಯೂ ಉಂಟು. ನೋಡುವಾಗ ಮಳೆಗಾಲ ಕಳೆದ ಕಾರ್ತಿಕ ಮಾರ್ಗಶಿರಗಳ 
ಚಿತ್ರವನ್ನು ಹುಡುಕಬೇಕು, ಕೆರೆಯ ಗುರುತು ಆಗ ಸ್ಪಷ್ಟವಾಗಿರುವುದು. ಬಿಲ್ಲಿನಂತೆ ಬಾಗಿದ ಏರಿ, ಅದರ ಒಂದು ಪಕ್ಕಕ್ಕೆ ಹರಡಿದ ಕಪ್ಪು, ಇನ್ನೊಂದು ಪಕ್ಕಕ್ಕೆ ಅಚ್ಚುಕಟ್ಟಿನ ಹಸಿರು—ಇಷ್ಟನ್ನು ಮಕ್ಕಳೂ ಗುರುತಿಸಬಲ್ಲರು. ಮೂರನೆಯದಾಗಿ, ಅಲ್ಲಿಗೆ ಹೋಗಿ ಆ ಊರಿನ ವೃದ್ಧರನ್ನು ಕೇಳುವುದು. ‘ಇಲ್ಲಿ ಎಮ್ಮೆ ಮೈತೊಳೆಯುತ್ತಿದ್ದೆವು’ ಎಂದು ಒಬ್ಬ ಮುದುಕ ಹೇಳಿದರೆ ಆ ಮಾತನ್ನು ದಲ್ಲಾಳಿಯ ಮಾತಿಗಿಂತ ಮೇಲೆಂದು ಎಣಿಸಬೇಕು. ಆದರೆ ಚಿತ್ರವು ಹಕ್ಕುಪತ್ರವಲ್ಲ. ನೆಲ ಹೇಗಿತ್ತೆಂಬುದನ್ನು ಅದು ಹೇಳುವುದು, ಯಾರದೆಂಬುದನ್ನು ಹೇಳಲಾರದು. ಹಕ್ಕಿಗೆ ಕಂದಾಯದ ದಾಖಲೆಗಳೇ ಗತಿ.

ಮನೆಯ ಹೆಣ್ಣುಮಕ್ಕಳಲ್ಲಿ ಕೆಲವರಿಗೆ ಇನ್ನೊಂದು ಸಂದೇಹ ತೋರಬಹುದು: ಇಷ್ಟು ಹರಿತವಾದ ಕಣ್ಣು ನಮ್ಮ ಅಂಗಳವನ್ನೆಲ್ಲ ಇಣಿಕಿ ನೋಡುವುದಲ್ಲವೆ? ೨೫ ಸೆಂಟಿಮೀಟರಿನ ಚೌಕದಲ್ಲಿ ತಾರಸಿಯ ಮೇಲೆ ಹಪ್ಪಳ ಒಣಗಿಸುತ್ತಿರುವವರು ಒಂದೆರಡು ಚುಕ್ಕೆಗಳಾಗಿ ಕಂಡಾರು; ಮುಖದ ಗುರುತು ಸಿಕ್ಕುವುದಿಲ್ಲ. ಸೂರಿನ ಕೆಳಗಣ ಸಂಸಾರವಂತೂ ಈ ಕ್ಯಾಮರಾಗಳಿಗೆ ಅಗೋಚರವೇ ಸರಿ.

ಇನ್ನು ಕಡೆಯ ಪ್ರಶ್ನೆ. ಇಷ್ಟೆಲ್ಲ ಕಂಡ ಮೇಲೂ ಕೆರೆಗಳು ಏಕೆ ಉಳಿಯಲಿಲ್ಲ? ಉಪಗ್ರಹವು ಸಾಕ್ಷಿ, ಅಧಿಕಾರಿಯಲ್ಲ. ಒಂದು ಊರಿನ ಆಡಳಿತ ಹಂಚಿಹೋದಾಗ ನೋಡುವವರೊಬ್ಬರು, ಮಾಡುವವರೊಬ್ಬರು ಆಗುವರು. ೨೦೦೭ರಲ್ಲಿ ಸುತ್ತಣ ನಗರಸಭೆಗಳನ್ನೂ ಗ್ರಾಮಗಳನ್ನೂ ಸೇರಿಸಿ ಒಂದು ಬೃಹತ್ ಮಹಾನಗರಪಾಲಿಕೆಯನ್ನು ಮಾಡಿದರು. ೨೦೨೫ರಲ್ಲಿ ಅದನ್ನು ಐದು ಪಾಲಿಕೆಗಳನ್ನಾಗಿ ವಿಂಗಡಿಸಿದರು. ಗಡಿಗಳು ಕಾಗದದ ಮೇಲೆ ಹೀಗೆ ಬದಲಾಗುತ್ತಿರುವುವು. ಮಳೆಯ ನೀರಿಗೆ ಆ ಗಡಿಗಳ ಪರಿಚಯವಿಲ್ಲ. ಅದಕ್ಕೆ ತಿಳಿದಿರುವುದು ಮೂರು ಕಣಿವೆಗಳ ದಾರಿ ಮಾತ್ರ. ಮೇಲಣ ಬಡಾವಣೆಯವರು ಮುಚ್ಚಿದ ಕಾಲುವೆಗೆ ಕೆಳಗಣ ಬಡಾವಣೆಯವರು ದಂಡ ತೆರುವರು. ಇಡೀ ಕಣಿವೆಯನ್ನು ಒಂದೇ ನೋಟದಲ್ಲಿ ತೋರಿಸುವ ಚಿತ್ರವನ್ನು ಐದು ಪಾಲಿಕೆಗಳವರೂ ಒಂದೇ ಮೇಜಿನ ಮೇಲೆ ಹರಡಿಕೊಂಡು ನೋಡುವಂತಾಗಬೇಕು. ನಾಗರಿಕರೂ ತಮ್ಮ ವಾರ್ಡಿನ ಕೆರೆ, ಕಾಲುವೆಗಳ ಚಿತ್ರವನ್ನು ವರ್ಷಕ್ಕೊಮ್ಮೆ ತಾವೇ ತೆಗೆದು ನೋಡಿ, ಕಳೆದ ವರ್ಷದ್ದರೊಡನೆ ಹೋಲಿಸಿ, ವ್ಯತ್ಯಾಸ ಕಂಡರೆ ಬರವಣಿಗೆಯಲ್ಲಿ ಕೇಳಬೇಕು. ಶಾಲೆಗಳಲ್ಲಿ ಭೂಗೋಳ ಕಲಿಸುವ ಉಪಾಧ್ಯಾಯರು ದೂರದ ದೇಶಗಳ ನದಿಗಳ ಹೆಸರುಗಳೊಡನೆ ಮಕ್ಕಳ ಸ್ವಂತ ಬೀದಿಯ ಐವತ್ತು ವರ್ಷಗಳ ಚಿತ್ರಗಳನ್ನೂ ತೋರಿಸಿದರೆ ಬಹಳ ಒಳ್ಳೆಯದು.

ಹಿಂದಿನವರು ಕೆರೆ ಕಟ್ಟಿಸುವುದನ್ನು ಸಪ್ತಸಂತಾನಗಳಲ್ಲಿ ಒಂದೆಂದು ಗಣಿಸಿದರು; ಪುತ್ರನಂತೆ ಕೆರೆಯೂ ಹೆಸರುಳಿಸುವುದೆಂದು ಅವರ ಭಾವನೆ. ಹೊಸ ಕೆರೆ ಕಟ್ಟಿಸುವ ಶಕ್ತಿ ನಮ್ಮಲ್ಲಿ ಎಲ್ಲರಿಗೂ ಇರಲಾರದು. ಇರುವ ಕೆರೆಯ ನೆಲವನ್ನು ತಿಳಿದೂ ಕೊಳ್ಳದಿರುವ ಶಕ್ತಿ ಮಾತ್ರ ಪ್ರತಿಯೊಬ್ಬ ಗೃಹಸ್ಥನಿಗೂ ಉಂಟು. ಕೊಳ್ಳುವವರು ಇಲ್ಲವಾದರೆ ಮಾರುವವರು ತಾವಾಗಿಯೇ ಇಲ್ಲವಾಗುವರು.